ಸೈನಿಕರ ಕುಟುಂಬಕ್ಕೆ ಹೊಸ ಸೌಲಭ್ಯ: ಖಜಾನೆಗೆ ಬೀಳುವ ಖರ್ಚನ್ನು ನಾವೇ ಲೆಕ್ಕ ಹಾಕೋದು ಹೇಗೆ?

ಮಾಜಿ ಸೈನಿಕರ ಕುಟುಂಬಗಳಿಗೆ ಸರ್ಕಾರ ಏನಾದರೂ ಹೊಸದು ಘೋಷಿಸಿದ ದಿನ ವಾಟ್ಸಾಪ್ ಗುಂಪುಗಳಲ್ಲಿ ಎರಡೇ ಮಾತು ಓಡಾಡುತ್ತವೆ. ಒಂದು, ಅವರಿಗೆ ಎಷ್ಟು ಕೊಟ್ಟರೂ ಕಡಿಮೆ. ಇನ್ನೊಂದು, ದೇಶದ ದುಡ್ಡೆಲ್ಲ ಪೆನ್ಷನ್‌ಗೇ ಹೋಯ್ತು. ಎರಡೂ ಕಡೆಯವರು ಒಂದು ಅಂಕಿ ಕೂಡ ಹೇಳುವುದಿಲ್ಲ. ಅಂಕಿ ಸಿಗುತ್ತದೆ, ಹುಡುಕುವುದು ಕಷ್ಟವೂ ಅಲ್ಲ, ಒಂದು ಕ್ಯಾಲ್ಕುಲೇಟರ್ ಮತ್ತು ಅರ್ಧ ದಿನದ ತಾಳ್ಮೆ ಇದ್ದರೆ ಸಾಕು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸೈನಿಕರ ಹೆಂಡತಿ ಮಕ್ಕಳಿಗೆ ಕೊಡುವುದು ಜಾಸ್ತಿ ಆಯ್ತು ಅಂತ ನಾನು ಹೇಳುತ್ತಿಲ್ಲ. ಕೊಡುತ್ತೇವೆ ಅಂತ ಹೇಳಿ ದುಡ್ಡು ಎತ್ತಿಡದಿದ್ದರೆ ಏಟು ಬೀಳುವುದು ಅವರಿಗೇ. ಅದು ಹೇಗೆ ಅಂತ ಒಆರ್‌ಒಪಿ (ಒಂದೇ ರ‍್ಯಾಂಕ್ ಒಂದೇ ಪಿಂಚಣಿ ಯೋಜನೆ) ಕಥೆಯಲ್ಲಿ ಮುಂದೆ ಬರುತ್ತದೆ. ಅದಕ್ಕೇ ಖರ್ಚಿನ ಲೆಕ್ಕ ಕೇಳುವುದು ಅವರ ಪರವಾದ ಕೆಲಸ.

ಮೊದಲು ನೋಡಬೇಕಾದ್ದು: ದುಡ್ಡು ಯಾವ ಜೇಬಿನಿಂದ?

ಘೋಷಣೆ ಓದುವಾಗ ನಮ್ಮ ಕಣ್ಣು ನೇರ ಮೊತ್ತದ ಮೇಲೆ ಹೋಗುತ್ತದೆ. ಅದನ್ನು ಬಿಟ್ಟು ಪತ್ರಿಕಾ ಪ್ರಕಟಣೆಯ ಕೊನೆಯ ಪ್ಯಾರಾ ಓದಿ. ದುಡ್ಡಿನ ಮೂಲ ಸಾಮಾನ್ಯವಾಗಿ ಅಲ್ಲಿರುತ್ತದೆ.

2025ರ ಅಕ್ಟೋಬರ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಕೇಂದ್ರೀಯ ಸೈನಿಕ ಮಂಡಳಿ ಮೂಲಕ ಕೊಡುವ ಸಹಾಯಧನಗಳನ್ನು ದುಪ್ಪಟ್ಟು ಮಾಡಿದರು. ಪೆನ್ಷನ್ ಇಲ್ಲದ, ಬೇರೆ ಆದಾಯವೂ ಇಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ತಿಂಗಳಿಗೆ 4,000 ಇದ್ದದ್ದು 8,000 ಆಯಿತು. ಮಕ್ಕಳ ಓದಿಗೆ ತಿಂಗಳಿಗೆ 1,000 ಇದ್ದದ್ದು 2,000 ಆಯಿತು, ಅದೂ ಇಬ್ಬರು ಮಕ್ಕಳವರೆಗೆ, ಒಂದನೇ ತರಗತಿಯಿಂದ ಪದವಿಯ ತನಕ. ಮಗಳ ಮದುವೆಗೆ ಅಥವಾ ವಿಧವೆಯ ಮರುಮದುವೆಗೆ 50,000 ಇದ್ದದ್ದು 1 ಲಕ್ಷ ಆಯಿತು. ನವೆಂಬರ್ 1ರಿಂದ ಬಂದ ಅರ್ಜಿಗಳಿಗೆ ಇದು ಅನ್ವಯ. ವರ್ಷಕ್ಕೆ ಸುಮಾರು 257 ಕೋಟಿ ರೂಪಾಯಿ ಹೊರೆ ಅಂತ ಪ್ರಕಟಣೆಯಲ್ಲೇ ಬರೆದಿದ್ದಾರೆ. ಹೀಗೆ ಅಂಕಿ ಸಮೇತ ಹೇಳಿದರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ, ಎಲ್ಲ ಘೋಷಣೆಗಳೂ ಹೀಗಿರಬೇಕು.

ಆ 257 ಕೋಟಿ ಬರುವುದು ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಯಿಂದ. ಡಿಸೆಂಬರ್ 7ರಂದು ಶಾಲೆ ಕಚೇರಿಗಳಲ್ಲಿ ಪುಟ್ಟ ಬಾವುಟ ಕೊಟ್ಟು ದೇಣಿಗೆ ಸಂಗ್ರಹಿಸುತ್ತಾರಲ್ಲ, ಅದೇ ನಿಧಿ. ಅಂದರೆ ಬಜೆಟ್ ಪುಸ್ತಕದಲ್ಲಿ ಹುಡುಕಿದರೆ ಈ ಖರ್ಚು ಸಿಗುವುದಿಲ್ಲ. ಹಾಗಂತ ಪುಕ್ಕಟೆ ಅಂತಲೂ ಅಲ್ಲ. ನಿಧಿಗೆ ಪ್ರತಿ ವರ್ಷ ಬರುವ ದೇಣಿಗೆ ಮತ್ತು ಬಡ್ಡಿ ಸೇರಿದರೆ ಈ ಹೊಸ ದರ ತಾಳುತ್ತದಾ, ಇಲ್ಲಾ ಮೂಲಧನ ಕರಗುತ್ತದಾ? ಇಲ್ಲಿ ಕೇಳಬೇಕಾದ ಪ್ರಶ್ನೆ ಅದು.

ಹೀಗೆ ಜೇಬುಗಳು ಬೇರೆ ಬೇರೆ ಇವೆ. ಪೆನ್ಷನ್, ಫ್ಯಾಮಿಲಿ ಪೆನ್ಷನ್ ಬರುವುದು ಕೇಂದ್ರ ಬಜೆಟ್‌ನ ರಕ್ಷಣಾ ಪಿಂಚಣಿ ಬೇಡಿಕೆಯಿಂದ, ಅಂದರೆ ಬಜೆಟ್‌ನಲ್ಲಿ ಪಿಂಚಣಿಗೆಂದೇ ಬೇರೆಯಾಗಿ ತೋರಿಸುವ ಹಣದ ಬಾಬ್ತಿನಿಂದ. ಪ್ರಧಾನ ಮಂತ್ರಿ ವಿದ್ಯಾರ್ಥಿವೇತನದಲ್ಲಿ ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000 ಸಿಗುತ್ತದೆ, ಅದು ರಾಷ್ಟ್ರೀಯ ರಕ್ಷಣಾ ನಿಧಿಯ ದುಡ್ಡು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ನಡೆಸುವ ಖರ್ಚನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ಹುತಾತ್ಮರ ಕುಟುಂಬಕ್ಕೆ ಮುಖ್ಯಮಂತ್ರಿಗಳು ಘೋಷಿಸುವ ಪರಿಹಾರ ರಾಜ್ಯದ ಖಜಾನೆಯದ್ದು. ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ಸರ್ಕಾರ ಇಷ್ಟು ಕೊಡ್ತಿದೆ ಅಂದರೆ ಲೆಕ್ಕ ಅಲ್ಲೇ ಕೆಟ್ಟಿತು.

ಒಂದು ಮನೆಯ ಲೆಕ್ಕ ಮಾಡಿ

ಕೋಟಿಗಳನ್ನು ಮುಟ್ಟುವ ಮೊದಲು ಒಂದೇ ಒಂದು ಮನೆ ತೆಗೆದುಕೊಳ್ಳಿ.

ಒಬ್ಬ ಹವಾಲ್ದಾರ್ ಅಂದುಕೊಳ್ಳೋಣ. ನಿವೃತ್ತಿಯಾದಾಗ ಕೊನೆಯ ವೇತನ 40,000. ಇದು ಲೆಕ್ಕಕ್ಕೆ ನಾನೇ ಇಟ್ಟುಕೊಂಡ ಮೊತ್ತ. ಸೈನ್ಯದಲ್ಲಿ ಜವಾನರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ ಅನ್ನೋದು ನೆನಪಿರಲಿ, ಯಾಕೆಂದರೆ ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ. ನಿವೃತ್ತಿಯಾದ ಕೆಲವು ವರ್ಷಕ್ಕೆ ಅವರು ತೀರಿಕೊಂಡರು. ಆಗ ಹೆಂಡತಿಗೆ ಮೊದಲ 7 ವರ್ಷ ಹೆಚ್ಚಿನ ದರದ ಫ್ಯಾಮಿಲಿ ಪೆನ್ಷನ್, ಅಂದರೆ ವೇತನದ 50%. ಗಂಡ ಬದುಕಿದ್ದರೆ ಅವರಿಗೆ 67 ತುಂಬುವ ದಿನ ಮೊದಲು ಬಂದರೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಸಾಮಾನ್ಯ ದರ, 30%.

30% ಅಂದರೆ 12,000. ಇದರ ಮೇಲೆ ತುಟ್ಟಿಪರಿಹಾರ, ಎಲ್ಲರೂ ಡಿಆರ್ ಅನ್ನುತ್ತಾರೆ. 2025ರ ಜುಲೈನಿಂದ ಅದು 58% ಆಯಿತು, ಆ ದರವನ್ನೇ ಹಿಡಿಯೋಣ. 6,960 ಸೇರಿಸಿ, ಒಟ್ಟು 18,960. 50% ದರದಲ್ಲಾದರೆ 20,000ಕ್ಕೆ 11,600 ಸೇರಿ 31,600. ಎರಡರ ನಡುವಿನ ವ್ಯತ್ಯಾಸ ತಿಂಗಳಿಗೆ 12,640. ಡಿಆರ್ ಏರುವುದೇ ಇಲ್ಲ ಅಂತಿಟ್ಟುಕೊಂಡರೂ 7 ವರ್ಷಕ್ಕೆ 10 ಲಕ್ಷದ 61 ಸಾವಿರ. ನಾಳೆ ಯಾರಾದರೂ ಈ 7 ವರ್ಷವನ್ನು 10 ಮಾಡಿ ಅಂದರೆ ಒಂದು ಮನೆಗೆ ಎಷ್ಟು ಜಾಸ್ತಿಯಾಗುತ್ತದೆ ಅಂತ ಈಗ ನೀವೇ ಹೇಳಬಲ್ಲಿರಿ. ಮೂರು ವರ್ಷ, ಅಂದರೆ 4 ಲಕ್ಷದ 55 ಸಾವಿರ.

ಗಂಡ ಕರ್ತವ್ಯದಲ್ಲಿ, ಸೇವೆಯ ಕಾರಣದಿಂದಲೇ ಮಡಿದರೆ ದರ ಬೇರೆ. ವಿಶೇಷ ಫ್ಯಾಮಿಲಿ ಪೆನ್ಷನ್ 60%. ಯುದ್ಧದಲ್ಲೋ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲೋ ಮಡಿದರೆ ಉದಾರೀಕೃತ ಪೆನ್ಷನ್, ಕೊನೆಯ ವೇತನದಷ್ಟೇ, ಪೂರ್ತಿ 100%.

ಈಗ ಕಾಲವನ್ನು ಸೇರಿಸಿ. ವಿಧವೆಯಾದಾಗ ಆಕೆಗೆ 38 ವರ್ಷ ಅಂತಿರಲಿ. 82ರವರೆಗೆ ಬದುಕಿದರೆ 44 ವರ್ಷ ಪೆನ್ಷನ್ ಹೋಗುತ್ತದೆ. 80 ದಾಟಿದ ಮೇಲೆ ಮೂಲ ಪೆನ್ಷನ್‌ಗೆ 20% ಹೆಚ್ಚುವರಿ, 85ಕ್ಕೆ 30%, 90ಕ್ಕೆ 40%, 95ಕ್ಕೆ 50%, ನೂರು ತುಂಬಿದರೆ ದುಪ್ಪಟ್ಟು. ಡಿಆರ್ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಗೆ ಏರುತ್ತದೆ. ಹತ್ತು ವರ್ಷಕ್ಕೊಮ್ಮೆ ವೇತನ ಆಯೋಗ ಬಂದು ಮೂಲ ಪೆನ್ಷನ್ನನ್ನೇ ಬದಲಿಸುತ್ತದೆ. 7ನೆಯದು 2016ರಿಂದ ಜಾರಿಗೆ ಬಂತು, ಈಗ 8ನೆಯದು ಕೆಲಸದಲ್ಲಿದೆ. ಹಾಗಾಗಿ ಒಂದು ವರ್ಷದ ಖರ್ಚನ್ನು ಮಾತ್ರ ಹೇಳುವ ಯಾವ ಘೋಷಣೆಯೂ ಅರ್ಧ ಲೆಕ್ಕ.

ಕುಟುಂಬ ಅಂದರೆ ಯಾರು?

ದರ ಏರಿಸದೆಯೂ ಖರ್ಚು ಏರಿಸಬಹುದು. ಕುಟುಂಬ ಅನ್ನುವುದರ ವ್ಯಾಪ್ತಿ ಹಿಗ್ಗಿಸಿದರೆ ಆಯ್ತು. ಇದು ಸುದ್ದಿಯಾಗುವುದೇ ಇಲ್ಲ, ಆದರೆ ಜನರ ಬದುಕಿನಲ್ಲಿ ಬಹಳ ದೊಡ್ಡದು.

ಮಗನಿಗೆ 25 ವರ್ಷದವರೆಗೆ ಮಾತ್ರ ಫ್ಯಾಮಿಲಿ ಪೆನ್ಷನ್. ಮದುವೆಯಾಗದ, ವಿಧವೆಯಾದ ಅಥವಾ ವಿಚ್ಛೇದನ ಪಡೆದ ಅವಲಂಬಿತ ಮಗಳಿಗೆ 25 ದಾಟಿದ ಮೇಲೂ ಸಿಗುತ್ತದೆ. 2021ರ ಫೆಬ್ರವರಿಯಲ್ಲಿ ಎರಡು ಬದಲಾವಣೆ ಬಂದವು. ಅಪ್ಪ ಅಮ್ಮ ಇಬ್ಬರೂ ನೌಕರಿಯಲ್ಲಿದ್ದು ತೀರಿಕೊಂಡರೆ ಮಗುವಿಗೆ ಸಿಗುವ ಎರಡು ಪೆನ್ಷನ್‌ಗಳ ಮಿತಿ ತಿಂಗಳಿಗೆ 45,000 ಇದ್ದದ್ದು 1,25,000 ಆಯಿತು. ಅಂಗವಿಕಲ ಮಕ್ಕಳ ಆದಾಯ ಮಿತಿಯನ್ನೂ ಸಡಿಲಿಸಿದರು. ಬೇರೆ ಆದಾಯವು ತೀರಿಕೊಂಡ ನೌಕರರ ಕೊನೆಯ ವೇತನದ 30% ಮತ್ತು ಅದರ ಡಿಆರ್ ಸೇರಿದ ಮೊತ್ತದೊಳಗೆ ಇದ್ದರೆ ಜೀವಮಾನ ಪೂರ್ತಿ ಪೆನ್ಷನ್. ಒಬ್ಬ ಅಂಗವಿಕಲ ಮಗನಿಗೆ ಅಪ್ಪ ಅಮ್ಮನ ನಂತರ ಯಾರು ಅನ್ನುವ ಭಯ ಎಂಥದ್ದು ಅಂತ ಗೊತ್ತಿದ್ದವರಿಗೆ ಈ ಬದಲಾವಣೆಯ ಬೆಲೆ ಗೊತ್ತು. ಅಂಥ ಕುಟುಂಬಗಳು ಕಡಿಮೆ, ಹಾಗಾಗಿ ಖಜಾನೆಗೆ ಹೊರೆಯೂ ಕಡಿಮೆ.

ಅದಕ್ಕೇ ಮಾಡಬೇಕಾದ ಕೆಲಸ ಇಷ್ಟು: ಹೊಸ ಆದೇಶದಲ್ಲಿ ಬದಲಾಗಿರುವುದು ಮೊತ್ತವಾ, ಅವಧಿಯಾ, ಅರ್ಹರ ಪಟ್ಟಿಯಾ ಅಂತ ಬೇರೆ ಮಾಡಿಕೊಳ್ಳಿ. ಮೂರೂ ಒಟ್ಟಿಗೆ ಬದಲಾಗಿದ್ದರೆ ಒಂದೊಂದನ್ನೂ ಗುಣಿಸಬೇಕು, ಕೂಡಿಸುವುದಲ್ಲ.

ಸರ್ಕಾರದ ಅಂದಾಜನ್ನು ಹೇಗೆ ಪರೀಕ್ಷಿಸೋದು

ಇಲ್ಲಿ ಒಆರ್‌ಒಪಿ, ಅಂದರೆ ಒಂದೇ ರ‍್ಯಾಂಕ್ ಒಂದೇ ಪಿಂಚಣಿ, ನಮಗೆ ಸಿಕ್ಕಿರುವ ಅತಿ ಒಳ್ಳೆಯ ಪಾಠ. ಒಂದೇ ರ‍್ಯಾಂಕಿನಲ್ಲಿ ಅಷ್ಟೇ ವರ್ಷ ಸೇವೆ ಮಾಡಿದವರಿಗೆ, ಯಾವಾಗ ನಿವೃತ್ತರಾಗಿದ್ದರೂ, ಒಂದೇ ಪೆನ್ಷನ್ ಅನ್ನುವ ಯೋಜನೆ ಅದು. ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿ.

2011ರ ಡಿಸೆಂಬರ್‌ನಲ್ಲಿ ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ ವರ್ಷಕ್ಕೆ 1,300 ಕೋಟಿ ಬೇಕಾಗುತ್ತದೆ ಅಂದಿತು. 2014ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಚಿದಂಬರಂ 500 ಕೋಟಿ ಇಟ್ಟರು. ಅದೇ ಜುಲೈನಲ್ಲಿ ಹೊಸ ಸರ್ಕಾರದ ಹಣಕಾಸು ಸಚಿವ ಜೇಟ್ಲಿ 1,000 ಕೋಟಿ ಇಟ್ಟರು. 2015ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಸಚಿವ ಪರಿಕ್ಕರ್ ಯೋಜನೆ ಘೋಷಿಸುವಾಗ ಮೊತ್ತ 8ರಿಂದ 10 ಸಾವಿರ ಕೋಟಿಗೆ ಬಂದಿತ್ತು. ಕೊನೆಗೆ 2016ರ ಏಪ್ರಿಲ್‌ನಲ್ಲಿ ಸಂಪುಟ ಒಪ್ಪಿದ ಲೆಕ್ಕ ವರ್ಷಕ್ಕೆ ಸುಮಾರು 7,488 ಕೋಟಿ, ಅದರ ಜೊತೆಗೆ ಅರಿಯರ್ಸ್, ಅಂದರೆ ಹಿಂದಿನ ತಿಂಗಳುಗಳ ಬಾಕಿ, 10,925 ಕೋಟಿ. ಐದು ವರ್ಷದೊಳಗೆ ಒಂದೇ ಯೋಜನೆಗೆ 500ರಿಂದ ಹಿಡಿದು 10,000 ಕೋಟಿಯ ತನಕ ಅಂದಾಜು! 500 ಕೋಟಿ ಇಟ್ಟ ದಿನ ಎಷ್ಟೊಂದು ಮನೆಗಳಲ್ಲಿ ಇನ್ನೇನು ಬಂತು ಅಂತ ಕಾದಿರಬೇಕು, ಯೋಚಿಸಿ. ಅಧಿಸೂಚನೆ ಹೊರಟಿದ್ದೇ 2015ರ ನವೆಂಬರ್ 7ಕ್ಕೆ.

ಮುಂದೆ ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಅಂತಾಯಿತು. 2019ರ ಜುಲೈನಿಂದ ಆಗಬೇಕಿದ್ದದ್ದಕ್ಕೆ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2022ರ ಡಿಸೆಂಬರ್ 23ಕ್ಕೆ. ಆಗ ಫಲಾನುಭವಿಗಳು 20,60,220ರಿಂದ 25,13,002ಕ್ಕೆ ಏರಿದರು. ಹೆಚ್ಚುವರಿ ಖರ್ಚು ವರ್ಷಕ್ಕೆ 8,450 ಕೋಟಿ. ಈ ಎರಡು ಅಂಕಿ ಸಿಕ್ಕ ಕೂಡಲೇ ಭಾಗಿಸಿ. ಒಬ್ಬರಿಗೆ ವರ್ಷಕ್ಕೆ ಸರಾಸರಿ 33,600 ರೂಪಾಯಿ ಚಿಲ್ಲರೆ, ತಿಂಗಳಿಗೆ 2,800. ಕೋಟಿಯ ಲೆಕ್ಕ ಕೇಳಿದಾಗ ಏನೋ ಭಾರಿ ಅನಿಸುವುದು ಮನೆಗೆ ಬರುವಾಗ ದಿನಸಿ ಖರ್ಚಿನಷ್ಟಾಗುತ್ತದೆ. ಎರಡೂ ನಿಜ, ಎರಡನ್ನೂ ಒಟ್ಟಿಗೆ ಹೇಳಬೇಕು. ಸರಾಸರಿಯಲ್ಲಿ ಅಧಿಕಾರಿ ಮತ್ತು ಸಿಪಾಯಿ ಕಲಸಿಹೋಗಿರುತ್ತಾರೆ ಅನ್ನೋದನ್ನೂ ಮರೆಯಬೇಡಿ, ರ‍್ಯಾಂಕ್‌ವಾರು ಪಟ್ಟಿ ಸಿಕ್ಕರೆ ಅದನ್ನೇ ಬಳಸಿ.

ಇನ್ನು ಅರಿಯರ್ಸ್. 2019ರ ಜುಲೈನಿಂದ 2022ರ ಜೂನ್‌ವರೆಗಿನದೇ ಸುಮಾರು 23,638 ಕೋಟಿ. ಅದು ಬೆಳೆಯುತ್ತಲೇ ಹೋಯಿತು. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟ್ ಮುಂದೆ ನಿಂತು 28,000 ಕೋಟಿಯನ್ನು ಒಂದೇ ಸಲ ಕೊಡಲು ಆಗದು ಅಂತ ಹೇಳಬೇಕಾಯಿತು. ಮಾರ್ಚ್ 20ರಂದು ಕೋರ್ಟ್ ತಾನೇ ವೇಳಾಪಟ್ಟಿ ಹಾಕಿಕೊಟ್ಟಿತು. ಸುಮಾರು 6 ಲಕ್ಷ ಫ್ಯಾಮಿಲಿ ಪೆನ್ಷನ್‌ದಾರರಿಗೆ ಮತ್ತು ಶೌರ್ಯ ಪ್ರಶಸ್ತಿ ಪಡೆದವರಿಗೆ ಏಪ್ರಿಲ್ 30ರೊಳಗೆ, 70 ದಾಟಿದವರಿಗೆ ಜೂನ್ 30ರೊಳಗೆ, ಉಳಿದವರಿಗೆ ಮೂರು ಕಂತಿನಲ್ಲಿ 2024ರ ಫೆಬ್ರವರಿ 28ರೊಳಗೆ. 2019ರಲ್ಲಿ ಬರಬೇಕಿದ್ದ ದುಡ್ಡಿಗೆ ವಿಧವೆಯರು 2023ರ ತನಕ ಕಾದರು. ಸಮಯಕ್ಕೆ ಸರಿಯಾಗಿ ದುಡ್ಡು ಎತ್ತಿಟ್ಟಿದ್ದರೆ ಇದು ಬೇಕಿತ್ತಾ?

ಹಾಗಾಗಿ ಅಂದಾಜು ಓದುವಾಗ ಈ ಮೂರನ್ನು ಹುಡುಕಿ. ಯಾವ ದಿನಾಂಕದಿಂದ ಜಾರಿ, ಯಾವ ದಿನಾಂಕಕ್ಕೆ ಆದೇಶ? ನಡುವಿನ ತಿಂಗಳುಗಳೆಲ್ಲ ಅರಿಯರ್ಸ್ ಆಗುತ್ತವೆ. ಡಿಆರ್ ಎಷ್ಟು ಅಂತ ಹಿಡಿದಿದ್ದಾರೆ? 8,450 ಕೋಟಿಯ ಲೆಕ್ಕದಲ್ಲಿ ಅದು 31%, ಆಮೇಲೆ ಎಷ್ಟೋ ಸಲ ಏರಿದೆ. ಮುಂದಿನ ಪರಿಷ್ಕರಣೆ ಯಾವಾಗ, ಅದಕ್ಕೆ ದುಡ್ಡು ಎಲ್ಲಿದೆ?

ಬಜೆಟ್‌ನಲ್ಲಿ ಕಾಣದ ಖರ್ಚು

ಕೆಲವು ಸೌಲಭ್ಯಗಳಿಗೆ ಚೆಕ್ ಬರೆಯುವುದೇ ಇಲ್ಲ. ನಮ್ಮಲ್ಲಿ ಸಿಇಟಿ ಸೀಟುಗಳಲ್ಲಿ ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ಮೀಸಲು ಇದೆ, ಸರ್ಕಾರಿ ಜಮೀನು ಮಂಜೂರಾತಿಯಲ್ಲೂ ಮಾಜಿ ಸೈನಿಕರಿಗೆ ಪಾಲು ಇದೆ. ಜಮೀನಿನ ಬೆಲೆ ಯಾವ ಬಜೆಟ್ ಪುಟದಲ್ಲೂ ಬರುವುದಿಲ್ಲ, ಆದರೂ ಅದು ಸಾರ್ವಜನಿಕ ಆಸ್ತಿ ಅಲ್ವಾ?

ಈ ಬಗೆಯ ಖರ್ಚು ಎಷ್ಟು ಬೇಗ ಬೆಳೆಯಬಹುದು ಅನ್ನೋದಕ್ಕೆ ಅಮೆರಿಕದ ಟೆಕ್ಸಾಸ್ ನೋಡಬೇಕು. ಅಲ್ಲಿ ಹೇಜಲ್‌ವುಡ್ ಕಾಯ್ದೆಯಡಿ ಮಾಜಿ ಸೈನಿಕರಿಗೆ ಸರ್ಕಾರಿ ಕಾಲೇಜುಗಳಲ್ಲಿ 150 ಕ್ರೆಡಿಟ್ ಗಂಟೆಯವರೆಗೆ (ಕೋರ್ಸುಗಳನ್ನು ಅಳೆಯುವ ಲೆಕ್ಕ ಅದು) ಬೋಧನಾ ಶುಲ್ಕ ಮಾಫಿ. 2009ರಲ್ಲಿ ಶಾಸನಸಭೆ ಒಂದು ಹೆಜ್ಜೆ ಮುಂದೆ ಹೋಗಿ, ಬಳಸದೆ ಉಳಿದ ಗಂಟೆಗಳನ್ನು ಮಕ್ಕಳಿಗೆ ವರ್ಗಾಯಿಸಬಹುದು ಅಂತ ಮಾಡಿತು. ಕಾಲೇಜುಗಳು ಬಿಟ್ಟುಕೊಟ್ಟ ಶುಲ್ಕ 2009ರಲ್ಲಿ ಸುಮಾರು 2.5 ಕೋಟಿ ಡಾಲರ್ ಇದ್ದದ್ದು 2014ರ ಹೊತ್ತಿಗೆ 16 ಕೋಟಿ ಡಾಲರ್ ದಾಟಿತು. ಆ ಕೊರತೆಯನ್ನು ರಾಜ್ಯ ಪೂರ್ತಿಯಾಗಿ ತುಂಬಿಕೊಡಲಿಲ್ಲ, ದೊಡ್ಡ ಪಾಲನ್ನು ವಿಶ್ವವಿದ್ಯಾಲಯಗಳೇ ಹೊತ್ತವು. ಆಸ್ಟಿನ್, ಡಲ್ಲಾಸ್ ಕಡೆ ಇರುವ ಕನ್ನಡಿಗರು ಮಕ್ಕಳನ್ನು ಇದೇ ವಿಶ್ವವಿದ್ಯಾಲಯಗಳಿಗೆ ಕಳಿಸುತ್ತಾರೆ, ಹಾಗಾಗಿ ಈ ವಿಷಯ ಅವರಿಗೂ ಹತ್ತಿರದ್ದೇ.

ವರ್ಜೀನಿಯಾದಲ್ಲಿ ಇನ್ನೊಂದು ಬಗೆ. ಮಡಿದ ಅಥವಾ ತೀವ್ರ ಅಂಗವೈಕಲ್ಯಕ್ಕೆ ಒಳಗಾದ ಸೈನಿಕರ ಸಂಗಾತಿಗೆ ಮತ್ತು ಮಕ್ಕಳಿಗೆ ಶುಲ್ಕ ಮಾಫಿ ಮಾಡುವ ಯೋಜನೆಯ ಖರ್ಚು 2019ರಿಂದ 2023ರೊಳಗೆ ಸುಮಾರು 1.2 ಕೋಟಿಯಿಂದ 6.5 ಕೋಟಿ ಡಾಲರ್‌ಗೆ ಹೋಯಿತು. 2024ರ ಬಜೆಟ್‌ನಲ್ಲಿ ಷರತ್ತು ಬಿಗಿ ಮಾಡಿದರು. ಕುಟುಂಬಗಳು ಬೀದಿಗಿಳಿದವು. ಜುಲೈನಲ್ಲೇ ಷರತ್ತು ವಾಪಸ್, ಜೊತೆಗೆ ಹೆಚ್ಚುವರಿ ಹಣ. ನನಗೆ ಅದು ತಪ್ಪು ಅನಿಸುವುದಿಲ್ಲ. ಸೌಲಭ್ಯ ನಂಬಿಕೊಂಡು ಮಗಳನ್ನು ಕಾಲೇಜಿಗೆ ಸೇರಿಸಿದವರಿಗೆ ನಡುವೆ ಕೈ ಕೊಡುವುದು ನ್ಯಾಯ ಅಲ್ಲ. ಒಮ್ಮೆ ಕೊಟ್ಟದ್ದು ಹಿಂದೆ ಬರುವುದಿಲ್ಲ ಅಂತ ಹಿಡಿದೇ ಲೆಕ್ಕ ಹಾಕಿ.

ಒಟ್ಟು ಮೊತ್ತವನ್ನು ಎಲ್ಲಿ, ಹೇಗೆ ಓದೋದು

ಕೇಂದ್ರ ಬಜೆಟ್ ಜಾಲತಾಣದಲ್ಲಿ ರಕ್ಷಣಾ ಪಿಂಚಣಿ ಅಂತ ಪ್ರತ್ಯೇಕ ಬೇಡಿಕೆ ಇದೆ, ಲೆಕ್ಕ ಶೀರ್ಷಿಕೆ 2071. 2014-15ರಲ್ಲಿ ಇದು ಸುಮಾರು 60,000 ಕೋಟಿ. 2025-26ರ ಬಜೆಟ್‌ನಲ್ಲಿ 1,60,795 ಕೋಟಿ. ಅಂದರೆ ಒಟ್ಟು ರಕ್ಷಣಾ ಬಜೆಟ್ 6,81,210 ಕೋಟಿಯಲ್ಲಿ ಶೇಕಡಾ 23.6. ಇದನ್ನು ನೋಡಿದ ಕೂಡಲೇ ಸೈನಿಕರಿಗೇ ಇಷ್ಟಾ ಅಂತ ಬರೆಯಬೇಡಿ. ಇದರಲ್ಲಿ ರಕ್ಷಣಾ ಇಲಾಖೆಯ ಸಿವಿಲ್ ನೌಕರರ ಪೆನ್ಷನ್ ಕೂಡ ಸೇರಿದೆ. ಎಲ್ಲ ಸೇರಿ 34 ಲಕ್ಷಕ್ಕೂ ಜಾಸ್ತಿ ಜನ.

ಆಸ್ಪತ್ರೆ ಖರ್ಚು ಇದರಲ್ಲಿ ಇಲ್ಲ. ಅದು ಇಸಿಎಚ್‌ಎಸ್ ಅನ್ನುವ, ಮಾಜಿ ಸೈನಿಕರ ಚಿಕಿತ್ಸೆಯ ಬೇರೆ ಯೋಜನೆ, 2003ರಲ್ಲಿ ಶುರುವಾದದ್ದು. 2024-25ರಲ್ಲಿ 6,968 ಕೋಟಿ, 2025-26ರಲ್ಲಿ 8,317 ಕೋಟಿ. ಸುಮಾರು 63 ಲಕ್ಷ ಜನ, ಅವಲಂಬಿತರೂ ಸೇರಿ. ನನ್ನ ಮಟ್ಟಿಗೆ ಮುಂದೆ ಹೆಚ್ಚು ಗಮನ ಕೊಡಬೇಕಾದ್ದು ಇಲ್ಲಿ. ಪೆನ್ಷನ್ ಸೂತ್ರದ ಪ್ರಕಾರ ಏರುತ್ತದೆ, ಮೊದಲೇ ಅಂದಾಜು ಮಾಡಬಹುದು. ಔಷಧಿ, ಆಸ್ಪತ್ರೆ ಬಿಲ್ಲು ಹಾಗಲ್ಲ. ವಯಸ್ಸಾದಂತೆ ಏರುತ್ತದೆ, ದುಡ್ಡು ಸಾಲದೆ ಬಿಲ್ ಬಾಕಿ ಉಳಿದರೆ ಖಾಸಗಿ ಆಸ್ಪತ್ರೆಗಳು ಕಾರ್ಡ್ ಹಿಡಿದು ಬಂದವರಿಗೆ ಹಾಸಿಗೆ ಇಲ್ಲ ಅನ್ನುತ್ತವೆ.

ಯಾವಾಗಲೂ ಮೂರು ಕಾಲಂ ನೋಡಿ: ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ಖರ್ಚು. ಭಾಷಣದಲ್ಲಿ ಬರುವುದು ಮೊದಲನೆಯದು. ಸತ್ಯ ಇರುವುದು ಮೂರನೆಯದರಲ್ಲಿ, ಅದು ಎರಡು ವರ್ಷ ತಡವಾಗಿ ಬರುತ್ತದೆ. ರಾಜ್ಯದ ಪಾಲಿಗೆ ಕರ್ನಾಟಕದ ಬಜೆಟ್‌ನಲ್ಲಿ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣದ 2235 ಶೀರ್ಷಿಕೆಯ ಕೆಳಗೆ ಹುಡುಕಿ.

ಇನ್ನೊಂದು ಕಡೆಯನ್ನೂ ನೋಡಬೇಕು. 2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಅಗ್ನಿವೀರರಿಗೆ ನಾಲ್ಕು ವರ್ಷದ ನಂತರ ಪೆನ್ಷನ್ ಇಲ್ಲ. ಸೇವೆಯಲ್ಲಿ ಮಡಿದರೆ 48 ಲಕ್ಷದ ವಿಮೆ ಮತ್ತು ಇತರ ಪರಿಹಾರ ಕುಟುಂಬಕ್ಕೆ ಸಿಗುತ್ತದೆ, ಆದರೆ ಜೀವನ ಪೂರ್ತಿ ಬರುವ ಫ್ಯಾಮಿಲಿ ಪೆನ್ಷನ್ ಇಲ್ಲ. ಒಂದೇ ಗಡಿಯಲ್ಲಿ, ಒಂದೇ ಬಂಕರಿನಲ್ಲಿ ನಿಂತ ಇಬ್ಬರ ಕುಟುಂಬಗಳಿಗೆ ಎರಡು ಲೆಕ್ಕ. ಒಂದು ಕಡೆ ಹಿಗ್ಗಿದ ಖರ್ಚನ್ನು ಇನ್ನೊಂದು ಕಡೆ ಹೊಸಬರ ಮನೆಯವರಿಂದ ಉಳಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಖರ್ಚಿನ ಪಟ್ಟಿ ಮಾಡುವಾಗ ಯಾರನ್ನು ಹೊರಗಿಟ್ಟಿದ್ದಾರೆ ಅನ್ನುವ ಒಂದು ಸಾಲನ್ನೂ ಬರೆದುಕೊಳ್ಳಿ.

ಅಂಕಿ ಸಿಗದಿದ್ದರೆ

ಮೊದಲು ಲೋಕಸಭೆ, ರಾಜ್ಯಸಭೆಯ ಪ್ರಶ್ನೋತ್ತರ ಹುಡುಕಿ. ಆಮೇಲೆ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿ, ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ. ಅಲ್ಲೂ ಇಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ. ರಾಜ್ಯದ ಯೋಜನೆಯಾದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ, ಕೇಂದ್ರದ್ದಾದರೆ ಕೇಂದ್ರೀಯ ಸೈನಿಕ ಮಂಡಳಿಗೆ ಅಥವಾ ಮಾಜಿ ಸೈನಿಕರ ಕಲ್ಯಾಣ ಇಲಾಖೆಗೆ.

ಸುಮ್ನೆ ಎಷ್ಟು ಖರ್ಚಾಯಿತು ತಿಳಿಸಿ ಅಂತ ಬರೆದರೆ ಒಂದು ಸಾಲಿನ ಉತ್ತರ ಬರುತ್ತದೆ. ಹೀಗೆ ಬರೆಯಿರಿ: "ಈ ಯೋಜನೆಯಡಿ ಕಳೆದ ಐದು ಆರ್ಥಿಕ ವರ್ಷಗಳಲ್ಲಿ, ವರ್ಷವಾರು, ಬಂದ ಅರ್ಜಿಗಳ ಸಂಖ್ಯೆ, ಮಂಜೂರಾದ ಸಂಖ್ಯೆ, ಬಿಡುಗಡೆಯಾದ ಹಣ ಮತ್ತು ಪ್ರತಿ ವರ್ಷದ ಮಾರ್ಚ್ 31ಕ್ಕೆ ಹಣವಿಲ್ಲದೆ ಬಾಕಿ ಉಳಿದ ಅರ್ಜಿಗಳ ಸಂಖ್ಯೆ ಕೊಡಿ." ಕೊನೆಯ ಭಾಗವನ್ನು ಬಿಡಲೇಬೇಡಿ. ಯೋಜನೆಗೆ ಇಟ್ಟ ದುಡ್ಡು ಸಾಕಾಗುತ್ತಿದೆಯೋ ಇಲ್ಲವೋ ಗೊತ್ತಾಗುವುದು ಅಲ್ಲೇ. ಫಲಾನುಭವಿಗಳ ಹೆಸರು ವಿಳಾಸ ಕೇಳಬೇಡಿ, ಅದು ನಿಮಗೆ ಬೇಕಾಗಿಲ್ಲ, ಕೊಡುವುದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ ಅರ್ಧ ಉತ್ತರ ಬಂದರೆ, ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೊದಲ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಕೇಂದ್ರದ ಕಚೇರಿಗಳಲ್ಲಿ ಆ ಮೇಲ್ಮನವಿಗೆ ಶುಲ್ಕ ಇಲ್ಲ.